ಚಳಿಗಾಲದ ಆರೈಕೆ

ಒಂದೇ ಮನೆಯಲ್ಲಿದ್ದರೂ ಓರಗಿತ್ತಿಯರಿಬ್ಬರ ನಡುವೆ ದೀಪಾವಳಿಯಿಂದ ಮಾತಿರಲಿಲ್ಲ. ಮಾಗಿಯ ಚಳಿ ಶುರುವಾದ ಮೇಲೆ ಅತ್ತೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಯಾವಾಗಲೂ ತಲೆಸುತ್ತು, ಮಂಪರು. ಮರೆವಂತೂ ಮೊದಲಿನಿಂದಲೂ ಇತ್ತು. ಅವರ ಬ್ರಹ್ಮಕಮಲದ ಕುಂಡವನ್ನು ಚಳಿಗೆಂದು ಹಜಾರದೊಳಗೆ ತಂದಿಟ್ಟರೂ ಗಿಡ ದಿನದಿನಕ್ಕೆ ಜೋತುಬೀಳುತ್ತಿತ್ತು.

ನರ್ಸರಿಯವನು ಬಂದು ಬುಡದ ಮಣ್ಣಿಗೆ ಬೆರಳಿಟ್ಟು ನೋಡಿದ.

“ಬೇರು ಕೊಳೆತುಹೋಗಿದೆ ಅಮ್ಮ. ಚಳಿಗಾಲದಲ್ಲಿ ಇಷ್ಟು ನೀರು ಹಾಕ್ತಾರಾ?”

“ಆಗಾಗ ಒಂದು ಲೋಟ ಹಾಕ್ತೀನಿ, ಅಷ್ಟೇ ಕಣಪ್ಪ,” ಎಂದಳು ಹಿರಿಯ ಸೊಸೆ. “ಆಫೀಸು, ಅಡುಗೆ, ಅತ್ತೆ, ಗಿಡ, ಎಲ್ಲಾ ನಾನೇ ನೋಡ್ಬೇಕು ಈ ಮನೇಲಿ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಿರಿಯ ಸೊಸೆ ನರ್ಸರಿಯವನಿಗೇ ಹೇಳಿದಳು: “ಅವರು ಆಫೀಸಿಗೆ ಹೋದ್ಮೇಲೆ ನಾನೂ ಹಾಕ್ತಿದ್ದೆ. ಅವರು ಹಾಕಲ್ಲ ಅಂದ್ಕೊಂಡಿದ್ದೆ.”

ಅವನು ಸತ್ತ ಗಿಡವನ್ನು ಕುಂಡದಿಂದ ಕಿತ್ತ. ಒಳಕೋಣೆಯಲ್ಲಿ ಅತ್ತೆ ಸಣ್ಣಗೆ ನರಳಿದರು.

ದೀಪಾವಳಿಯಾದ ಮೇಲೆ ಮೊದಲ ಬಾರಿಗೆ ಹಿರಿಯವಳು ಕಿರಿಯವಳ ಮುಖ ನೋಡಿದಳು.

“ಅತ್ತೆಗೆ ಬಿಪಿ ಮಾತ್ರೆ, ನೀನೂ ಕೊಡ್ತಿದ್ದೀಯಾ?”