ಚಾರ್ಜ್ ಲಿಸ್ಟು

"ಅತ್ತೀ, ನಿಮ್ಮ ಪಾಸ್‌ಪೋರ್ಟ್ ಸ್ವಲ್ಪ ಕೊಡ್ತೀರಾ? ಒಂದು ಫಾರ್ಮ್ ತುಂಬ್ಬೇಕು" ಎಂದು ಸೊಸೆ ಶೈಲಶ್ರೀ ಕೇಳಿದಾಗಲೇ ಗೌರವ್ವನಿಗೆ ಅನುಮಾನ ಬಂದಿತ್ತು. ಯಾವ ಫಾರ್ಮ್ ಎಂದು ಅವಳು ಬಾಯಿ ಬಿಡಲಿಲ್ಲ. ಮಗಳು ಅನಿಕಾಳನ್ನು ಕರೆದುಕೊಂಡು ಕೆಳಗಿನ ಪ್ಲೇಗ್ರೌಂಡಿಗೆ ಹೋದಳು. ಗೌರವ್ವ ಕನ್ನಡಕ ಏರಿಸಿ, ಸೊಸೆ ತೆರೆದಿಟ್ಟು ಹೋಗಿದ್ದ ಲ್ಯಾಪ್‌ಟಾಪಿನಲ್ಲಿ ಇಣುಕಿದಳು. ತನ್ನದೇ ಹೆಸರು. ಅದರ ಮೇಲೆ 'ಗ್ರ್ಯಾಂಡ್‌ಪೇರೆಂಟ್ ಕೇರ್‌ಗಿವರ್ ರಿಲೀಫ್'.

ಕೊನೆಯ ಪದ ಅವಳಿಗೆ ಚೆನ್ನಾಗಿಯೇ ಗೊತ್ತು. ಗದಗ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವಳು. ವರ್ಗವಾದಾಗಲೆಲ್ಲ ತನ್ನ ವಶದಲ್ಲಿದ್ದ ಸಾಮಾನಿನ ಚಾರ್ಜ್ ಲಿಸ್ಟು ಬರೆದು ಒಪ್ಪಿಸಬೇಕು; ಹೆಡ್‌ಮಾಸ್ತರರು ಬಿಡುಗಡೆಯ ರಿಲೀವ್ ಆರ್ಡರ್ ಕೈಗಿಟ್ಟರೆ ಅಲ್ಲಿಗೆ ಆ ಶಾಲೆಯ ಋಣ ತೀರಿತು. ರಿಲೀವ್ ಅಂದರೇನು, ರಿಲೀಫ್ ಅಂದರೇನು, ಎಲ್ಲ ಒಂದೇ. ಎರಡು ವಾರದಿಂದ ಫ್ರಿಜ್ಜಿನ ಮೇಲೆ ಚೈಲ್ಡ್‌ಕೇರ್ ಸೆಂಟರಿನ ಕಾಗದ ಬೇರೆ ಅಂಟಿಕೊಂಡಿತ್ತು.

ಅನಿಕಾ ಮೂರು ತಿಂಗಳ ಕೂಸಾಗಿದ್ದಾಗ ಈ ಪರದೇಶಕ್ಕೆ ಬಂದು ಎತ್ತಿಕೊಂಡವಳು, ಈಗ ಅದಕ್ಕೆ ನಾಲ್ಕು ವರ್ಷ. ಆದರೆ ಬೇಡಿ ಉಳಿಯುವ ಹೆಂಗಸಲ್ಲ ಗೌರವ್ವ. ಮೊಮ್ಮಗಳ ಪೆನ್ಸಿಲ್ ತೆಗೆದುಕೊಂಡು ಬರೆಯಲು ಕುಳಿತಳು.

ತಾಯಿ ಮಗಳು ಬಂದಾಗ ಬಾಗಿಲ ಬಳಿ ಗೌರವ್ವ ಕಟ್ಟಿಟ್ಟ ಬ್ಯಾಗು, ಮೇಜಿನ ಮೇಲೆ ಒಂದು ಹಾಳೆ.

"ಇದೇನ್ ಅತ್ತೀ?"

"ಚಾರ್ಜ್ ಲಿಸ್ಟು. ಮನಿ ಕೀಲಿ ಒಂದು, ನೀರಿನ ಬಾಟ್ಲಿ ಎರಡು. ಕೂಸು ಮಲಗೋ ಮುಂದ ಕೌದಿ ಬೇಕು, ಫ್ಯಾನ್ ಒಂದರಾಗ ಇಡ್ಬೇಕು. ಎಲ್ಲಾ ಬರದೀನಿ, ಇವತ್ತಿನ ತಾರೀಖೂ ಹಾಕೀನಿ. ಚಾರ್ಜ್ ತಗೊಂಡವರು ಅಂತ ಐತಲ್ಲ, ಅಲ್ಲಿ ಸಹಿ ಹಾಕು."

ಶೈಲಶ್ರೀ ಹಾಳೆ ನೋಡಿದಳು, ಬ್ಯಾಗು ನೋಡಿದಳು, ತೆರೆದಿದ್ದ ಲ್ಯಾಪ್‌ಟಾಪ್ ನೋಡಿದಳು.

"ಅಯ್ಯೋ ಅತ್ತೀ, ಅದು ಟ್ಯಾಕ್ಸ್ ಫಾರ್ಮು. ನೀವು ಇವಳನ್ನ ನೋಡ್ಕೊಳ್ತೀರಲ್ಲ, ಅದಕ್ಕೆ ನನ್ನ ಸ್ಯಾಲರಿಯಲ್ಲಿ ಸ್ವಲ್ಪ ಭಾಗಕ್ಕೆ ಟ್ಯಾಕ್ಸ್ ಹಾಕಲ್ಲ. ಅದಕ್ಕೇ ರಿಲೀಫ್ ಅನ್ನೋದು."

"ಮತ್ತ ಫ್ರಿಜ್ ಮ್ಯಾಲಿನ ಕಾಗದ?"

"ಹಾಗೆ ಉಳಿಯೋ ದುಡ್ಡಲ್ಲಿ ವಾರಕ್ಕೆರಡು ದಿನ ಇವಳನ್ನ ಅಲ್ಲಿ ಬಿಡೋಣ ಅಂತ. ನಿಮ್ಮ ಮೊಣಕಾಲಿಗೆ ಆರಾಮ ಆಗುತ್ತೆ."

"ಅಜ್ಜಿ ಎಲ್ಲೂ ಹೋಗಲ್ಲ ಲಾ" ಎಂದು ಅನಿಕಾ ಇಲ್ಲಿನವರ ಧಾಟಿಯಲ್ಲಿ ಹೇಳಿ ಬ್ಯಾಗಿನ ಮೇಲೆ ಕುಳಿತಳು.

ಗೌರವ್ವನಿಗೆ ನಾಚಿಕೆಯಾಯಿತು, ನಿರಾಳವೂ ಆಯಿತು. ಆದರೂ ಕೇಳಿದಳು. "ಈ ರಿಲೀಫು ಎಲ್ಲಿ ತನಕ ಕೊಡ್ತಾರ?"

"ಇವಳಿಗೆ ಹನ್ನೆರಡು ಆಗೋವರೆಗೂ."

"ಆಮ್ಯಾಲ?"

ಶೈಲಶ್ರೀ ಪಾಸ್‌ಪೋರ್ಟನ್ನು ವಾಪಸು ಕೊಟ್ಟು, ಚಹಾ ಇಡಲು ಒಳಗೆ ಹೋದಳು.

ಗೌರವ್ವ ಲಿಸ್ಟನ್ನು ಹರಿಯಲಿಲ್ಲ. ಮೊಮ್ಮಗಳ ರಬ್ಬರಿನಿಂದ ತಾರೀಖನ್ನಷ್ಟೇ ಅಳಿಸಿ, ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಳು.