ಮಧ್ಯದ ಹಲಗೆ

"ದೊಡ್ಡಮ್ಮ, ಅಮ್ಮನ ಮೈ ಬಗ್ಗೆ ಇವತ್ತು ಒಂದು ಮಾತೂ ಬೇಡ," ಎಂದು ಪ್ರಾಂಗ್, ದೋಣಿಯ ಹಗ್ಗ ಬಿಚ್ಚುತ್ತಿದ್ದ ಅಂಬಿಗಿತ್ತಿ ಲಮೈಯ ಕಿವಿಯಲ್ಲಿ ಹೇಳಿದಳು. "ದಪ್ಪ ಅನ್ನೋದೂ ಬೇಡ, ಸಣ್ಣ ಅನ್ನೋದೂ ಬೇಡ."

ಲಮೈ ತಲೆಯಾಡಿಸಿದಳು. ಮೆಟ್ಟಿಲಿಳಿದು ಬರುತ್ತಿದ್ದವಳತ್ತ ತಿರುಗಿ ನೋಡಿದಳು. ಮಳೆಗಾಲದಲ್ಲಿ ಇದೇ ಕಾಲುವೆ ದಾಟಿ ಬ್ಯಾಂಕಾಕಿನ ಆಸ್ಪತ್ರೆಗೆ ಹೋಗಿದ್ದ ಪ್ರಾಂಗ್‌ಳ ತಾಯಿ ಊವನ್, ಈಗ ಮಂಜಿನಲ್ಲಿ ಒಣಹಾಕಿದ ಬಟ್ಟೆಯಂತೆ ಜೋತುಬಿದ್ದ, ಬಡಕಲಾದ ಮೈ ಹೊತ್ತು ಮನೆಗೆ ಮರಳುತ್ತಿದ್ದಳು. ಊವನ್ ಎಂದರೆ ಡುಮ್ಮಿ. ಮುದ್ದಾದ ಮಗುವಿನ ಮೇಲೆ ದೆವ್ವಗಳ ಕಣ್ಣು ಬೀಳದಿರಲೆಂದು ಅಜ್ಜಿ ಇಟ್ಟ ಹೆಸರು. ಅವಳು ಹೆಸರಿಗೆ ತಕ್ಕಂತೆ ಬೆಳೆದಿದ್ದಳು.

ಮೊದಲೆಲ್ಲ ಅವಳು ದೋಣಿಗೆ ಕಾಲಿಟ್ಟಾಗಲೆಲ್ಲ ಲಮೈ ಎರಡೂ ದಡಕ್ಕೆ ಕೇಳುವಂತೆ ಕೂಗುತ್ತಿದ್ದಳು: "ಏ ಊವನ್, ಮಧ್ಯದ ಹಲಗೆಗೆ ಬಾರೇ! ಎಲ್ಲಾರ್ನೂ ಮೀನಿಗೆ ಹಾಕ್ತೀಯಾ?" ದೋಣಿಯೆಲ್ಲ ನಗುತ್ತಿತ್ತು, ಊವನ್ ಕೂಡ. ಮನೆಗೆ ಬಂದ ಮೇಲೆ ಮಾತ್ರ ಅವಳ ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಉಳಿಯುತ್ತಿತ್ತು. ಪ್ರಾಂಗ್ ಅದನ್ನು ಮರೆತಿರಲಿಲ್ಲ.

"ಎಲ್ಲಿ ಕೂತ್ಕೊಳ್ಳಲಿ ಅಕ್ಕ?" ಊವನ್ ಕೇಳಿದಳು.

"ಎಲ್ಲಾದ್ರೂ ಕೂತ್ಕೊಳಮ್ಮ," ಎಂದಳು ಲಮೈ.

ಊವನ್ ಮಧ್ಯದ ಹಲಗೆಯತ್ತ ಒಮ್ಮೆ ನೋಡಿ, ಮುಂದಿನ ತುದಿಯಲ್ಲಿ ಕೂತಳು. ದೋಣಿ ಹೊರಟಿತು. ಮಂಜಿನಲ್ಲಿ ದಡಗಳು ಕರಗಿ, ನೀರು ಯಾವುದು ಗಾಳಿ ಯಾವುದು ತಿಳಿಯದಂತಾಯಿತು. ಒಣಗಿದ ತೆಂಗಿನ ಗರಿಯೊಂದು ತೇಲಿಬಂದು, ದೋಣಿಯನ್ನು ಸವರಿ, ಸದ್ದಿಲ್ಲದೆ ಹೋಯಿತು. ಊವನ್ ತನ್ನ ಕೈಯನ್ನೇ ನೋಡುತ್ತಿದ್ದಳು, ಅದೂ ಹಾಗೆಯೇ ತೇಲಿಹೋಗುತ್ತದೇನೋ ಎಂಬಂತೆ.

"ಆಸ್ಪತ್ರೆಲಿ ಎಲ್ಲಾರೂ ಚೀಟಿ ನೋಡಿ, ಊರಲ್ಲಿ ಯಾರೂ ಕರೆಯದ ನನ್ನ ದೊಡ್ಡ ಹೆಸರು ಕರೀತಿದ್ರು," ಎಂದಳು. "ಬೇರೆ ಯಾರನ್ನೋ ಅಂತ ನಾನು ಸುಮ್ನೆ ಮಲಗಿರ್ತಿದ್ದೆ. ಅಕ್ಕ, ನೀನೂ ನನ್ ಹೆಸರು ಮರೆತ್ಯಾ?"

ಲಮೈಯ ಹುಟ್ಟು ನಿಂತಿತು. ಬೇಡವೆಂದಿದ್ದ ಮಾತೇ ಆ ಹೆಸರು. ಅವಳು ಪ್ರಾಂಗ್‌ಳತ್ತ ನೋಡಿದಳು. ಪ್ರಾಂಗ್, "ಕರೀರಿ ದೊಡ್ಡಮ್ಮ," ಎಂದಳು.

"ಏ ಊವನ್!" ಲಮೈ ಮೊದಲಿನಂತೆಯೇ ಕೂಗಿದಳು. "ಅಲ್ಲಿ ಯಾಕೇ ಕೂತಿದ್ದೀಯ? ಮಧ್ಯಕ್ಕೆ ಬಾ! ದೋಣಿ ಮುಳುಗಿಸ್ತೀಯಾ?"

ಮಂಜಿನಾಚೆ, ಕಾಣದ ದಡದಲ್ಲಿ ಯಾರೋ ನಕ್ಕರು. ಊವನ್ ಎದ್ದು, ಮಧ್ಯದ ಹಲಗೆಗೆ ಬಂದು, ಕಣ್ಣು ಮುಚ್ಚಿ ಕೂತಳು. ದೋಣಿ ಅಲುಗಲೇ ಇಲ್ಲ.

ಹಿಂದೆ ನಿಂತಿದ್ದ ಲಮೈ ತನ್ನ ಬರಿಗಾಲನ್ನು ದೋಣಿಯ ಅಂಚಿನ ಮೇಲಿಟ್ಟು ಬಲವಾಗಿ ಒತ್ತಿದಳು. ಪ್ರಾಂಗ್ ಅದನ್ನು ನೋಡಿದಳು. ದೋಣಿ ಒಮ್ಮೆ ಅತ್ತ, ಒಮ್ಮೆ ಇತ್ತ ಹೊಯ್ದಾಡಿತು.

ಊವನ್ ಎರಡೂ ಬದಿಯನ್ನು ಬಿಗಿಹಿಡಿದು ಕಣ್ಣರಳಿಸಿದಳು. "ನೋಡಿದ್ಯೇನೇ ಪ್ರಾಂಗ್," ಎಂದಳು, "ನಾನು ಕೂತ್ರೆ ದೋಣಿ ಹೇಗೆ ಅಲ್ಲಾಡತ್ತೆ!"