ಆಕ್ಷೇಪಣೆಗೆ ಕೊನೆಯ ದಿನ

ಕೃಷಿ ಕಚೇರಿಯ ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ತನ್ನ ಹೆಸರು ಕಂಡ ಕೂಡಲೇ ಅವಳು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದಳು. ಹೆಸರು ಅಲ್ಲೇ ಇತ್ತು. ಅಪ್ಪನ ಹೆಸರು ಸರಿ, ಹೊಲದ ನಂಬರು ಸರಿ, 'ಸ್ವತಃ ಸಾಗುವಳಿ ಮಾಡುವವರೇ?' ಎಂಬಲ್ಲಿ 'ಹೌದು'. ನಾಲ್ಕು ವರ್ಷದಿಂದ ಸರ್ಕಾರದ ಸಹಾಯಧನ ಪಡೆಯುತ್ತಿರುವ ರೈತ ಮಹಿಳೆ ತಾನೇ ಎಂಬುದನ್ನು, ಇಪ್ಪತ್ತು ವರ್ಷದಿಂದ ಆಲೂಗಡ್ಡೆ ಬೆಳೆಯುತ್ತಿದ್ದ ಅವಳಿಗೆ ಗೋಡೆ ಹೇಳಬೇಕಾಯಿತು.

ಸಹಾಯಧನ ಯಾರ್ಯಾರಿಗೆ ಸಂದಿದೆಯೆಂದು ಊರಿಗೆಲ್ಲ ಕಾಣುವಂತೆ ಪ್ರಕಟಿಸಬೇಕೆಂಬ ನಿಯಮ ಬಂದದ್ದೇ ಈ ವರ್ಷ. ಜನ ಮುಗಿಬಿದ್ದಿದ್ದರು. ತಮ್ಮ ಹೆಸರು ಹುಡುಕುವವರು ಕಡಿಮೆ, ನೆಂಟರ ಹೆಸರು ಹುಡುಕುವವರೇ ಹೆಚ್ಚು.

"ನಮ್ಮ ಹಲ್ಲಿನ ಡಾಕ್ಟರು ಯಾವಾಗ ಗೋಧಿ ಬಿತ್ತಿದ್ರು?"

"ನಮ್ಮ ಬಾಯಲ್ಲೇ ಬಿತ್ತಿರ್ಬೇಕು. ಅಷ್ಟು ತೋಡಿದಾರೆ."

ಆ ನಗುವನ್ನು ಸೀಳಿಕೊಂಡು ಅವಳ ಅಣ್ಣ ಬಂದ. ಪೇಟೆಯಲ್ಲಿ ಪೈಪು, ನಲ್ಲಿ ಮಾರುವವನು. ವ್ಯಾಪಾರದ ಹೊತ್ತಿನಲ್ಲಿ ಅವನು ಅಂಗಡಿ ಬಿಟ್ಟು ಬಂದದ್ದನ್ನು ಈವರೆಗೆ ಯಾರೂ ಕಂಡಿರಲಿಲ್ಲ. ಅಪ್ಪ ಹೋದ ಮೇಲೆ ಹೊಲ ಅವನ ಹೆಸರಿಗೆ, ಗುದ್ದಲಿ ಇವಳ ಕೈಗೆ ಬಂದಿತ್ತು. ಈಗ ಬರುವ ಸೋಮವಾರ ಹೊಲ ಮಾರುವವನಿದ್ದ. ಉಳುವವಳು ನಾನಲ್ಲವೇ ಎಂದು ಅವಳು ಬಾಯಿ ತೆರೆದಾಗಲೆಲ್ಲ, "ಹಾಗಂತ ಯಾರು ಹೇಳಿದ್ದು?" ಎಂದು ಮುಚ್ಚಿಸಿದ್ದ.

"ಏನೋ ಎಡವಟ್ಟಾಗಿದೆ, ಪುಟ್ಟಿ," ಎಂದ. ಕೆಲಸ ಆಗಬೇಕಾದಾಗ ಮಾತ್ರ ಅವನಿಗೆ ನೆನಪಾಗುವ ಹೆಸರು ಅದು. "ಐದು ಗಂಟೆಗೆ ಪಟ್ಟಿ ಕಾಯಂ ಮಾಡಿಬಿಡ್ತಾರೆ. ಬಾ, ನಾನು ಬೇಸಾಯ ಮಾಡೋಳಲ್ಲ ಅಂತ ಬರೆದುಕೊಡು."

"ಮಾಡೋಳೇ ತಾನೇ, ಅಣ್ಣ?"

"ಅದಲ್ಲ ಕಣೇ. ಅಂಗಡಿ ಲೈಸೆನ್ಸ್ ಇರೋರಿಗೆ ಸಹಾಯಧನ ಕೊಡಲ್ಲ. ಅದಕ್ಕೆ ನಿನ್ನ ಹೆಸರು ಹಾಕಿದ್ದೆ. ಫೈಲು ಯಾರು ಓದ್ತಾರೆ ಅಂದ್ಕೊಂಡೆ."

"ಗೊಬ್ಬರದ ಕಾಗದ ಅಂತ ಸಹಿ ಹಾಕಿಸ್ಕೊಂಡೆಯಲ್ಲ, ಅದು ಇದೇನಾ?"

"ದುಡ್ಡೆಲ್ಲ ವಾಪಸ್ ಕೊಡ್ತೀನಿ. ಇವತ್ತೇ."

ಅವಳ ಎದೆ ಪಂಪ್‌ಸೆಟ್ಟಿನಂತೆ ಬಡಿದುಕೊಳ್ಳುತ್ತಿತ್ತು. ಅದು ಭಯವಲ್ಲ ಎಂಬುದು ಅವಳಿಗೇ ಆಶ್ಚರ್ಯ. "ದುಡ್ಡಿನ ಮಾತು ಆರು ಗಂಟೆಗೆ ಆಡೋಣ," ಎಂದಳು.

ಅಣ್ಣ ಕಚೇರಿಯ ಅರ್ಜಿ ಕಿಟಕಿಗೆ ಓಡಿದ. ಅವಳೂ ಹಿಂದೆಯೇ ಹೋದಳು; ಇಂಥದ್ದನ್ನು ದೂರದಿಂದ ನೋಡುವುದುಂಟೇ?

"ಪಟ್ಟಿ ಕಾಯಂ ಆದ್ರೆ, ಉಳುವವರ ಒಪ್ಪಿಗೆ ಇಲ್ದೆ ಜಮೀನು ಮಾರೋ ಹಾಗಿಲ್ಲ ಅಂತಾರಲ್ಲ ಮೇಡಂ, ನಿಜವಾ?"

"ನಿಜ," ಎಂದಳು ಗುಮಾಸ್ತೆ, ತಲೆ ಎತ್ತದೆ.

"ನನ್ನ ತಂಗಿ ಹೆಸರು ತೆಗೀಬೇಕು. ಅವಳೇ ಬರೀಬೇಕಾ?"

"ಯಾರು ಬೇಕಾದ್ರೂ ಬರೀಬಹುದು. ಕಾರಣ ಮಾತ್ರ ಸರಿಯಾಗಿರ್ಲಿ. ಅರ್ಜಿ ಯಾರು ಹಾಕಿದ್ದು, ಸುಳ್ಳು ಹೆಸರು ಯಾಕೆ ಕೊಟ್ರು, ದುಡ್ಡು ಯಾರ ಕೈ ಸೇರ್ತು." ಫಾರಂ ಒಂದನ್ನು ಆಚೆಗೆ ತಳ್ಳಿದಳು. "ಅದನ್ನೂ ಗೋಡೆಗೆ ಅಂಟಿಸ್ತೀವಿ."

ಅಣ್ಣ ಫಾರಂ, ಪೆನ್ನು ಹಿಡಿದು ಬೆಂಚಿನ ಮೇಲೆ ಕೂತ. ಹೊರಗೆ ಯಾರೋ ಇನ್ನೊಂದು ಹೆಸರನ್ನು ಗಟ್ಟಿಯಾಗಿ ಓದಿದರು. ಗುಂಪು ಹೋ ಎಂದಿತು. ಅವನ ಕುತ್ತಿಗೆಯಿಂದ ಬೆವರು ಇಳಿಯಿತು. ಅವಳು ಪಕ್ಕದಲ್ಲೇ ನಿಂತಿದ್ದಳು. ಬರೆದರೆ ಹೊಲ ಮಾರಬಹುದು, ಮಾನ ಹೋಗುತ್ತದೆ. ಅಣ್ಣನಿಗೆ ಎರಡರಲ್ಲಿ ಯಾವುದು ಅಗ್ಗ ಎಂದು ಇಷ್ಟು ವರ್ಷ ಜೊತೆಗಿದ್ದರೂ ಅವಳಿಗೆ ಗೊತ್ತಿರಲಿಲ್ಲ.

ಐದು ಹೊಡೆಯಿತು. ಗುಮಾಸ್ತೆ ಎದ್ದು ಬಂದು ಅವನ ಕೈಯಿಂದ ಫಾರಂ ತೆಗೆದುಕೊಂಡು ನೋಡಿದಳು. ನೋಡಿ ತಂಗಿಯ ಕೈಗೆ ಕೊಟ್ಟಳು. ಹೆಸರು ತುಂಬಿತ್ತು, ವಿಳಾಸ ತುಂಬಿತ್ತು, ಸಂಬಂಧ ಎಂಬಲ್ಲಿ 'ಅಣ್ಣ' ಎಂದಿತ್ತು. ಕಾರಣ ಎಂಬಲ್ಲಿ, ಪೆನ್ನು ಊರಿ ನಿಂತುಬಿಟ್ಟಿದ್ದ ಜಾಗದಲ್ಲಿ, ಕಾಳಿನಷ್ಟು ದಪ್ಪನೆಯ ಒಂದು ಶಾಯಿಯ ಚುಕ್ಕೆ.